ತೆರೆದ ಬಾಗಿಲಿನ ಪಂದ್ಯ

ಊರಿನಲ್ಲಿ ‘ದೊಡ್ಡ ಮನೆ’ ಎಂದರೆ ಸಾಕು, ಅದು ಯಾರ ಮನೆಯೆಂದು ಮತ್ತೆ ಕೇಳಬೇಕಾಗಿಲ್ಲ. ಗಾಲ್ಫ್ ಆಟದ ಲೋಕದಲ್ಲಿಯೂ ಅಂಥದೊಂದು ಹೆಸರಿದೆ. ಆ ಆಟದ ಅತ್ಯಂತ ಹಳೆಯ ಪಂದ್ಯಾವಳಿಯನ್ನು ಅದನ್ನು ನಡೆಸುವವರು ‘ದಿ ಓಪನ್’ ಎಂದಷ್ಟೇ ಕರೆಯುತ್ತಾರೆ. ಅಮೆರಿಕದ ಓಪನ್, ಫ್ರಾನ್ಸಿನ ಓಪನ್, ನಮ್ಮ ಭಾರತದ ಓಪನ್ ಎಂದು ಉಳಿದವುಗಳಿಗೆಲ್ಲ ದೇಶದ ಹೆಸರು ಬೇಕು, ಇದಕ್ಕೆ ಬೇಡ. ಹೊರಗಿನವರು ‘ಬ್ರಿಟಿಷ್ ಓಪನ್’ ಎಂದರೆ ಅಲ್ಲಿನ ಹಳಬರು ಸಣ್ಣಗೆ ಮುಖ ಸಿಂಡರಿಸುತ್ತಾರಂತೆ. ಪ್ರತಿ ವರ್ಷ ಜುಲೈ ತಿಂಗಳಿನಲ್ಲಿ ಸ್ಕಾಟ್ಲೆಂಡ್, ಇಂಗ್ಲೆಂಡ್ ಅಥವಾ ಉತ್ತರ ಐರ್ಲೆಂಡಿನ ಕಡಲ ತೀರದ ಯಾವುದಾದರೊಂದು ಮೈದಾನದಲ್ಲಿ ನಾಲ್ಕು ದಿನ ನಡೆಯುವ ಈ ಪಂದ್ಯವನ್ನು ಗೆದ್ದವನನ್ನು ‘ವರ್ಷದ ಚಾಂಪಿಯನ್ ಗಾಲ್ಫ್ ಆಟಗಾರ’ ಎಂದು ಸಾರುತ್ತಾರೆ. ಅಲ್ಲಿಯೂ ದೇಶದ ಸೊಲ್ಲಿಲ್ಲ.

ಈ ಮರ್ಯಾದೆ ಎಲ್ಲಿಂದ ಬಂದಿತು? ಹಣದಿಂದ ಎನ್ನುವಂತಿಲ್ಲ. 2024ರಲ್ಲಿ ಈ ಪಂದ್ಯದ ಒಟ್ಟು ಬಹುಮಾನ 1 ಕೋಟಿ 70 ಲಕ್ಷ ಡಾಲರು. ಇದಕ್ಕಿಂತ ಹೆಚ್ಚು ಹಣ ಹಂಚುವ ಪಂದ್ಯಗಳು ಇವೆ. ಹಳೆಯದು ಎಂಬುದೊಂದರಿಂದಲೇ ಎನ್ನೋಣವೇ? ಹಳೆಯದಾಗಿ ಮಾಸಿಹೋದ ವಸ್ತುಗಳೂ ಲೋಕದಲ್ಲಿ ಬೇಕಾದಷ್ಟಿವೆ. ಉತ್ತರ ಅದರ ಹೆಸರಿನಲ್ಲಿಯೇ ಇದೆಯೆಂದು ನನ್ನ ಅನಿಸಿಕೆ. ‘ಓಪನ್’ ಎಂದರೆ ತೆರೆದದ್ದು, ಮುಕ್ತವಾದದ್ದು. ಯಾರಿಗೆ ತೆರೆದದ್ದು? ಯಾವಾಗ ತೆರೆಯಿತು? ಎಷ್ಟು ತೆರೆಯಿತು? ಈ ಮೂರು ಪ್ರಶ್ನೆಗಳನ್ನು ಹಿಡಿದು ಹೊರಟರೆ ಒಂದು ಆಟದ ಕಥೆಯ ಜೊತೆಗೆ ಒಂದು ಸಮಾಜದ ಕಥೆಯೂ ನಮ್ಮ ಕೈಗೆ ಸಿಗುತ್ತದೆ.

ಮೊದಲು ಆಟದ ವಿಚಾರ ಎರಡು ಮಾತು. ನೆಲದಲ್ಲಿ ಗುಳಿ ತೋಡಿ, ಬೆರಳಿನಿಂದ ಗೋಲಿಯನ್ನು ಚಿಮ್ಮಿ ಗುಳಿಗೆ ಬೀಳಿಸುವ ಆಟವನ್ನು ನಾವೆಲ್ಲ ಬಲ್ಲೆವು. ಆ ಗುಳಿಯನ್ನು ನಾನೂರು ಗಜದಾಚೆ ಇಟ್ಟು, ಬೆರಳಿಗೆ ಬದಲು ಉದ್ದನೆಯ ಕೋಲನ್ನು ಕೈಗೆ ಕೊಟ್ಟರೆ ಅದೇ ಗಾಲ್ಫ್. ಅಂಥ ಹದಿನೆಂಟು ಗುಳಿಗಳನ್ನು ಮುಗಿಸಿದರೆ ಒಂದು ಸುತ್ತು; ಓಪನ್ ಪಂದ್ಯದಲ್ಲಿ ನಾಲ್ಕು ಸುತ್ತು. ಎಲ್ಲರಿಗಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ವಿಜಯಿ. ಎದುರಾಳಿಯು ನಮ್ಮ ಚೆಂಡನ್ನು ಮುಟ್ಟುವುದಿಲ್ಲ, ತಡೆಯುವುದಿಲ್ಲ. ಆದುದರಿಂದ ಸೋತವನಿಗೆ ದೂರಲು ಇರುವುದು ನೆಲ, ಗಾಳಿ ಮತ್ತು ತನ್ನ ಮನಸ್ಸು ಮಾತ್ರ.

ಆ ನೆಲವೂ ಸಾಮಾನ್ಯವಾದುದಲ್ಲ. ಸ್ಕಾಟ್ಲೆಂಡಿನ ತೀರದಲ್ಲಿ ಕಡಲಿಗೂ ಹೊಲಗಳಿಗೂ ನಡುವೆ ಒಂದು ಮರಳುಪಟ್ಟಿ ಉಂಟು. ಬೇಸಾಯಕ್ಕೆ ಒದಗದ, ಗಾಳಿ ಬೀಸಿ ಬೀಸಿ ದಿಬ್ಬ ತಗ್ಗುಗಳಾಗಿ ನಿಂತ, ಬಿರುಸಾದ ಹುಲ್ಲು ಹಬ್ಬಿದ ಈ ಭೂಮಿಗೆ ‘ಲಿಂಕ್ಸ್’ ಎಂದು ಹೆಸರು. ಚಳಿಗಾಳಿಗೆ ಹೆದರಿದ ಕುರಿಗಳು ದಿಬ್ಬದ ಮರೆಯಲ್ಲಿ ಒತ್ತಿ ಮಲಗಿ ಮಲಗಿ ಆದ ಮರಳು ಗುಂಡಿಗಳೇ ಈಗ ಆಟಗಾರರನ್ನು ಕಾಡುವ ‘ಬಂಕರ್’ಗಳು ಎಂದು ಹೇಳುವುದುಂಟು. ಜನ ಬಿಲ್ಲುವಿದ್ಯೆಯ ಅಭ್ಯಾಸ ಬಿಟ್ಟು ಈ ಆಟಕ್ಕೆ ಬಿದ್ದರೆಂದು 1457ರಲ್ಲಿಯೇ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಗಾಲ್ಫನ್ನು ನಿಷೇಧಿಸಿತ್ತು. ನಿಷೇಧದಿಂದ ಆಟವೇನೂ ನಿಲ್ಲಲಿಲ್ಲ. ನಮ್ಮ ಹಳ್ಳಿಯ ಗೋಮಾಳದಂತೆ ಅನೇಕ ಊರುಗಳಲ್ಲಿ ಈ ಲಿಂಕ್ಸ್ ಭೂಮಿ ಊರೊಟ್ಟಿನ ಸ್ವತ್ತು. ಬಟ್ಟೆ ಒಣಗಿಸುವವರು, ಕುರಿ ಮೇಯಿಸುವವರು, ಚೆಂಡು ಹೊಡೆಯುವವರು ಎಲ್ಲರಿಗೂ ಅಲ್ಲಿ ಜಾಗವಿತ್ತು. ಗಾಲ್ಫಿನ ಕಾಶಿ ಎನ್ನಬಹುದಾದ ಸೇಂಟ್ ಆ್ಯಂಡ್ರೂಸ್ ಊರಿನ ‘ಓಲ್ಡ್ ಕೋರ್ಸ್’ ಇಂದಿಗೂ ಸಾರ್ವಜನಿಕ ಭೂಮಿಯೇ. ಸಾಮಾನ್ಯವಾಗಿ ಭಾನುವಾರ ಅಲ್ಲಿ ಆಟವಿಲ್ಲ. ಊರಿನ ಜನ ಮಕ್ಕಳು ಮರಿಗಳೊಡನೆ ಆ ಹುಲ್ಲಿನ ಮೇಲೆ ಗಾಳಿ ಸೇವನೆಗೆ ಹೋಗುತ್ತಾರೆ.

ಹೀಗೆ ನೆಲ ಎಲ್ಲರದಾದರೂ ಆಡುವವರಲ್ಲಿ ಎರಡು ವರ್ಗಗಳಿದ್ದವು. ಒಂದು, ಬಿಡುವೂ ಹಣವೂ ಇದ್ದ ದೊಡ್ಡ ಮನುಷ್ಯರದು, ಇವರು ಹವ್ಯಾಸಿಗಳು. ಇನ್ನೊಂದು, ಅವರ ಕೋಲುಗಳನ್ನು ಹೊತ್ತು ಹಿಂದೆ ನಡೆಯುವ ಕ್ಯಾಡಿಗಳು, ಕೋಲು ಚೆಂಡುಗಳನ್ನು ಮಾಡುವ ಕುಶಲಕರ್ಮಿಗಳು, ಮೈದಾನದ ಹುಲ್ಲನ್ನು ಕಾಯುವವರು. ಇವರು ವೃತ್ತಿ ಆಟಗಾರರು. ವೃತ್ತಿ, ಹವ್ಯಾಸಿ ಎಂಬ ಈ ಎರಡು ಮಾತುಗಳು ನಾಟಕದ ಮೂಲಕ ನಮಗೆ ಚೆನ್ನಾಗಿ ಪರಿಚಿತವಾಗಿವೆ. ಕಂಪನಿಯ ನಟನ ಹಾಡಿಗೆ ಇರುಳೆಲ್ಲ ತಲೆದೂಗಿದವರೇ ಬೆಳಗಾದ ಮೇಲೆ ಅವನಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದ ಕಾಲವೊಂದಿತ್ತಷ್ಟೆ. ಸ್ಕಾಟ್ಲೆಂಡಿನ ವೃತ್ತಿ ಆಟಗಾರನ ಪಾಡೂ ಅದೇ. ಆಟದಲ್ಲಿ ಅವನೇ ಗುರು; ಆಟ ಮುಗಿದ ಮೇಲೆ ಅವನು ಆಳು.

ಆ ಕಾಲದ ಚೆಂಡಿನ ಕಥೆಯನ್ನು ಕೇಳಿದರೆ ಈ ಪಾಡು ಇನ್ನಷ್ಟು ಸ್ಪಷ್ಟವಾಗುತ್ತದೆ. ಪುಟ್ಟ ಚರ್ಮದ ಚೀಲದೊಳಕ್ಕೆ ಬೇಯಿಸಿದ ಹೆಬ್ಬಾತಿನ ಪುಕ್ಕವನ್ನು ಎದೆಯ ಬಲದಿಂದ ತುರುಕಿ ತುರುಕಿ ಹೊಲಿದು ಚೆಂಡು ಮಾಡುತ್ತಿದ್ದರು. ದಿನಕ್ಕೆ ಮೂರೋ ನಾಲ್ಕೋ ಆಗುತ್ತಿದ್ದುವು. ಪುಕ್ಕದ ಧೂಳು ಮಾತ್ರ ದಿನವೆಲ್ಲ ಎದೆಗೆ ಇಳಿಯುತ್ತಿತ್ತು. ಈ ಕಸುಬಿನಲ್ಲಿ ಸೇಂಟ್ ಆ್ಯಂಡ್ರೂಸಿನ ಆ್ಯಲನ್ ರಾಬರ್ಟ್‌ಸನ್ ಎಂಬಾತ ಹೆಸರಾದವನು. ಆಟದಲ್ಲಿಯೂ ಅವನನ್ನು ಮೀರಿಸುವವರಿಲ್ಲವೆಂದು ಪ್ರತೀತಿ. ಅವನ ಕೈಕೆಳಗೆ ಕೆಲಸ ಕಲಿತವನು ಟಾಮ್ ಮಾರಿಸ್. 1848ರ ಸುಮಾರಿಗೆ ‘ಗಟಾಪರ್ಚ’ ಎಂಬ ಮರದ ಹಾಲಿನಿಂದ ಮಾಡಿದ ಅಗ್ಗದ ಚೆಂಡು ಬಂದಾಗ ಗುರುಶಿಷ್ಯರಿಗೆ ಮನಸ್ತಾಪವಾಯಿತು. ಹೊಸ ಚೆಂಡು ತನ್ನ ಅನ್ನಕ್ಕೆ ಕಲ್ಲು ಎಂದು ಗುರು. ಕಾಲ ಬದಲಾಯಿತು ಎಂದು ಶಿಷ್ಯ. ಮಾರಿಸ್ 1851ರಲ್ಲಿ ಪಶ್ಚಿಮ ತೀರದ ಪ್ರೆಸ್ಟ್‌ವಿಕ್ ಎಂಬಲ್ಲಿಗೆ ಹೋಗಿ, ಅಲ್ಲಿ ಹನ್ನೆರಡು ಗುಳಿಗಳ ಮೈದಾನವೊಂದನ್ನು ರಚಿಸಿ ಅದರ ಪಾಲಕನಾದನು.

1859ರಲ್ಲಿ ರಾಬರ್ಟ್‌ಸನ್ ತೀರಿಕೊಂಡನು. ಅವನ ಪಟ್ಟ ಈಗ ಯಾರಿಗೆ? ಈ ಪ್ರಶ್ನೆಯೇ ಓಪನ್ ಪಂದ್ಯದ ಬೀಜ. ಪ್ರೆಸ್ಟ್‌ವಿಕ್ ಕ್ಲಬ್ಬಿನ ದೊಡ್ಡ ಮನುಷ್ಯರು, ಸುತ್ತಣ ಕ್ಲಬ್ಬುಗಳು ತಮ್ಮ ತಮ್ಮ ಅತ್ಯುತ್ತಮ ವೃತ್ತಿ ಆಟಗಾರರನ್ನು ಕಳುಹಿಸಬೇಕೆಂದು ಕರೆ ಕೊಟ್ಟರು. 1860ರ ಅಕ್ಟೋಬರ್ 17ರಂದು ಎಂಟು ಮಂದಿ ಆಟಗಾರರು ಹನ್ನೆರಡು ಗುಳಿಗಳ ಆ ಮೈದಾನವನ್ನು ಒಂದೇ ದಿನದಲ್ಲಿ ಮೂರು ಬಾರಿ ಸುತ್ತಿದರು. ಮೈದಾನವನ್ನು ಮಾಡಿದ ಮಾರಿಸನೇ ಗೆಲ್ಲುವನೆಂದು ಅನೇಕರ ಎಣಿಕೆ. ಗೆದ್ದವನು ಮಸಲ್‌ಬರೋ ಊರಿನ ವಿಲಿ ಪಾರ್ಕ್. 174 ಹೊಡೆತ, ಮಾರಿಸನಿಗಿಂತ ಎರಡು ಕಡಿಮೆ. ಬಹುಮಾನವೆಂದರೆ ಬೆಳ್ಳಿಯ ಕೊಂಡಿಯುಳ್ಳ ಕೆಂಪು ಮೊರಾಕೊ ಚರ್ಮದ ಒಂದು ನಡುಪಟ್ಟಿ. ಅದೂ ಒಂದು ವರ್ಷ ಇಟ್ಟುಕೊಂಡು ಹಿಂದಿರುಗಿಸಬೇಕಾದದ್ದು. ನಗದು ಒಂದು ಬಿಡಿಗಾಸೂ ಇಲ್ಲ.

ಆದರೆ ಆ ಮೊದಲ ಪಂದ್ಯ ‘ಓಪನ್’ ಆಗಿರಲಿಲ್ಲ. ಅದು ವೃತ್ತಿಯವರಿಗೆ ಮಾತ್ರ ಮೀಸಲು. ತಮಾಷೆಯೆಂದರೆ, ಬಾಗಿಲು ಮುಚ್ಚಿದ್ದು ದೊಡ್ಡವರಿಗೆ! ಹವ್ಯಾಸಿ ಮಹನೀಯರು ತಾವೂ ಆಡುತ್ತೇವೆಂದರು. ಮರುವರ್ಷ, 1861ರಲ್ಲಿ, ಇನ್ನು ಮುಂದೆ ಈ ಪಂದ್ಯ ಸಮಸ್ತ ಜಗತ್ತಿಗೂ ತೆರೆದದ್ದು ಎಂದು ಪ್ರೆಸ್ಟ್‌ವಿಕ್ ಕ್ಲಬ್ಬು ನಿರ್ಣಯ ಮಾಡಿತು. ಹನ್ನೆರಡು ಗುಳಿಗಳ ಒಂದು ಊರ ಮೈದಾನದಲ್ಲಿ ಕುಳಿತು ಸಮಸ್ತ ಜಗತ್ತಿನ ಮಾತನಾಡಿದವರ ಧೈರ್ಯಕ್ಕೆ ಮೆಚ್ಚಬೇಕು. ಅವರ ಜಗತ್ತು ಎಷ್ಟು ದೊಡ್ಡದಿತ್ತೋ ಹೇಳಲಾರೆ. ಆದರೆ ಒಮ್ಮೆ ಆಡಿದ ಮಾತು ಆಡಿದವರಿಗಿಂತ ದೊಡ್ಡದಾಗಿ ಬೆಳೆಯುವುದುಂಟು.

1861ರಲ್ಲಿ ಟಾಮ್ ಮಾರಿಸ್ ಗೆದ್ದನು. ಮುಂದೆ 1862, 1864 ಮತ್ತು 1867ರಲ್ಲಿಯೂ ಗೆದ್ದನು. ಕೊನೆಯ ಸಲ ಗೆದ್ದಾಗ ಅವನಿಗೆ 46 ವರ್ಷ; ಓಪನ್ ಗೆದ್ದವರಲ್ಲಿ ಇಂದಿಗೂ ಅವನೇ ಅತಿ ಹಿರಿಯ. ಮರುವರ್ಷವೇ, 1868ರಲ್ಲಿ, ಅವನ ಮಗ ಗೆದ್ದನು. ಅವನ ಹೆಸರೂ ಟಾಮ್, ವಯಸ್ಸು 17. ಇಂದಿಗೂ ಅವನೇ ಅತಿ ಕಿರಿಯ. ಅತಿ ಹಿರಿಯ ಮತ್ತು ಅತಿ ಕಿರಿಯ ವಿಜೇತರು ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಉಂಡವರು. ಕಿರಿಯ ಟಾಮ್ 1869ರಲ್ಲಿ ಮತ್ತೆ ಗೆದ್ದನು, 1870ರಲ್ಲಿ ಇನ್ನೊಮ್ಮೆ, ಹನ್ನೆರಡು ಹೊಡೆತಗಳ ಅಂತರದಿಂದ. ಸತತ ಮೂರು ಸಲ ಗೆದ್ದವನಿಗೆ ನಡುಪಟ್ಟಿ ಶಾಶ್ವತವಾಗಿ ಸಲ್ಲತಕ್ಕದ್ದೆಂಬುದು ನಿಯಮ. ಅವನು ಅದನ್ನು ಮನೆಗೆ ಒಯ್ದನು. ಗೆಲ್ಲಲು ವಸ್ತುವೇ ಇಲ್ಲದಂತಾಗಿ 1871ರಲ್ಲಿ ಪಂದ್ಯವೇ ನಡೆಯಲಿಲ್ಲ!

ಆಗ ಮೂರು ಕ್ಲಬ್ಬುಗಳು, ಎಂದರೆ ಪ್ರೆಸ್ಟ್‌ವಿಕ್, ಸೇಂಟ್ ಆ್ಯಂಡ್ರೂಸಿನ ರಾಯಲ್ ಆ್ಯಂಡ್ ಏನ್ಷೆಂಟ್ ಮತ್ತು ಎಡಿನ್‌ಬರೋ ಗಾಲ್ಫರರ ಸಂಘ, ತಲಾ ಹತ್ತು ಪೌಂಡು ಹಾಕಿ ಬೆಳ್ಳಿಯ ಹೂಜಿಯೊಂದನ್ನು ಮಾಡಿಸಿದವು. ಕೆಂಪು ದ್ರಾಕ್ಷಾರಸವನ್ನು ಬಗ್ಗಿಸುವ ಆಕಾರದ್ದಾದುದರಿಂದ ಅದಕ್ಕೆ ‘ಕ್ಲಾರೆಟ್ ಜಗ್’ ಎಂದು ಹೆಸರಾಯಿತು. ಮೂವತ್ತು ಪೌಂಡಿನ ಈ ಹೂಜಿಯನ್ನು ಮುಂದೆ ಕೋಟ್ಯಧೀಶರು ತುಟಿಗೆ ಒತ್ತಿಕೊಂಡು ಕಣ್ಣೀರು ಸುರಿಸಿದ್ದಾರೆ. ಅದರ ಮೇಲೆ ಕೆತ್ತಿದ ಮೊದಲ ಹೆಸರು 1872ರ ವಿಜೇತನಾದ ಕಿರಿಯ ಟಾಮನದು. ಹೂಜಿ ಆ ವೇಳೆಗೆ ಸಿದ್ಧವಾಗಿರಲಿಲ್ಲ. ಅವನಿಗೆ ಪದಕ ಕೊಟ್ಟರು. ಹೂಜಿಯನ್ನು ಗೆಲುವಿನ ದಿನ ಕೈಯಲ್ಲಿ ಹಿಡಿಯುವ ಭಾಗ್ಯ ಅವನದಾಗಲೇ ಇಲ್ಲ.

1875ರ ಸೆಪ್ಟೆಂಬರಿನಲ್ಲಿ ತಂದೆಮಕ್ಕಳಿಬ್ಬರೂ ನಾರ್ತ್ ಬರ್ವಿಕ್‌ನಲ್ಲಿ ಪಾರ್ಕ್ ಸಹೋದರರ ವಿರುದ್ಧ ಆಡುತ್ತಿದ್ದಾಗ ಮನೆಯಿಂದ ತಂತಿ ಬಂದಿತು. ಮಗನ ಹೆಂಡತಿ ಮಾರ್ಗರೆಟ್ ಹೆರಿಗೆಯ ನೋವಿನಲ್ಲಿದ್ದಾಳೆ, ಸ್ಥಿತಿ ಕಠಿಣ. ರೈಲಿಗೆ ಕಾಯದೆ ದೋಣಿಯಲ್ಲಿ ಕಡಲ ಕವಲನ್ನು ದಾಟಿ ಹೋದರು. ತಾಯಿ, ಮಗು ಇಬ್ಬರೂ ಉಳಿದಿರಲಿಲ್ಲ. ಅದೇ ವರ್ಷ ಕ್ರಿಸ್ಮಸ್ ದಿನ ಕಿರಿಯ ಟಾಮ್ ತೀರಿಕೊಂಡನು. ವೈದ್ಯರು ರಕ್ತನಾಳ ಒಡೆಯಿತೆಂದರು. ಊರಿನವರು ಎದೆ ಒಡೆಯಿತೆಂದರು. ಅವನಿಗೆ ಇಪ್ಪತ್ತನಾಲ್ಕು ವರ್ಷ. ಸೇಂಟ್ ಆ್ಯಂಡ್ರೂಸಿನ ಹಳೆಯ ಕೆಥೀಡ್ರಲ್ಲಿನ ಅಂಗಳದಲ್ಲಿ ಅವನ ಸಮಾಧಿಯ ಮೇಲೆ ಒಂದು ಶಿಲ್ಪವಿದೆ. ಅದಕ್ಕೆ ಅರುವತ್ತು ಗಾಲ್ಫ್ ಸಂಘಗಳು ಹಣ ಕೂಡಿಸಿದವು. ಕ್ಯಾಡಿಗಳ, ಕೋಲು ಮಾಡುವವರ ಕುಲದಲ್ಲಿ ಹುಟ್ಟಿದ ಒಬ್ಬ ತರುಣನಿಗೆ ದೊಡ್ಡವರ ಸಂಘಗಳು ಸಲ್ಲಿಸಿದ ಗೌರವವಿದು. ಓಪನ್ನಿನ ಪ್ರತಿಷ್ಠೆಯ ಮೊದಲ ಕಲ್ಲು ಇಲ್ಲಿ ನೆಟ್ಟಿತೆಂದು ನನಗೆ ತೋರುತ್ತದೆ. ತಂದೆ ಮಾತ್ರ ಮತ್ತೆ ಮೂವತ್ತೆರಡು ವರ್ಷಗಳಿಗೂ ಮೇಲೆ ಬದುಕಿ 1908ರಲ್ಲಿ ಕಣ್ಮುಚ್ಚಿದನು.

ಆಮೇಲಿನ ಮೂವತ್ತು ನಲವತ್ತು ವರ್ಷಗಳಲ್ಲಿ ಪಂದ್ಯ ಮೈತುಂಬಿ ಬೆಳೆಯಿತು. 1890ರಲ್ಲಿ ಜಾನ್ ಬಾಲ್ ಎಂಬ ಇಂಗ್ಲಿಷ್ ಹವ್ಯಾಸಿ ಗೆದ್ದು ಸ್ಕಾಟ್ಲೆಂಡಿನವರ ಏಕಸ್ವಾಮ್ಯವನ್ನು ಮುರಿದನು. 1892ರಿಂದ ಎಪ್ಪತ್ತೆರಡು ಗುಳಿಗಳ ಆಟವಾಯಿತು. 1894ರಲ್ಲಿ ಪಂದ್ಯ ಮೊದಲ ಬಾರಿಗೆ ಇಂಗ್ಲೆಂಡಿನ ನೆಲಕ್ಕೆ ಕಾಲಿಟ್ಟಿತು. ಅಂದಿನಿಂದ 1914ರ ವರೆಗಿನ ಇಪ್ಪತ್ತೊಂದು ಪಂದ್ಯಗಳಲ್ಲಿ ಹದಿನಾರನ್ನು ಮೂವರೇ ಹಂಚಿಕೊಂಡರು: ಹ್ಯಾರಿ ವಾರ್ಡನ್ ಆರು, ಜೆ. ಎಚ್. ಟೇಲರ್ ಐದು, ಜೇಮ್ಸ್ ಬ್ರೇಡ್ ಐದು. ಗಾಲ್ಫಿನ ತ್ರಿಮೂರ್ತಿಗಳೆಂದೇ ಇವರ ಖ್ಯಾತಿ. ಒಬ್ಬ ತೋಟದ ಮಾಲಿಯ ಮಗ, ಒಬ್ಬ ಕ್ಯಾಡಿಯಾಗಿದ್ದವನು, ಒಬ್ಬ ಬಡಗಿ ಕೆಲಸ ಕಲಿತವನು. ವಾರ್ಡನ್ ಗಳಿಸಿದ ಆರು ಗೆಲುವುಗಳನ್ನು ಇಂದಿಗೂ ಯಾರೂ ದಾಟಿಲ್ಲ. 1901ರಲ್ಲಿ ಟೇಲರನ ಮುಂದಾಳುತನದಲ್ಲಿ ವೃತ್ತಿ ಆಟಗಾರರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಬೆನ್ನು ಬಾಗಿಸಿ ಸಲಾಮು ಹಾಕುತ್ತಿದ್ದವರು ನೇರವಾಗಿ ನಿಲ್ಲಲು ಕಲಿಯುತ್ತಿದ್ದರು.

ಆದರೂ ಒಂದು ಬಾಗಿಲು ಮುಚ್ಚಿಯೇ ಇತ್ತು. ಅದು ಕ್ಲಬ್ಬಿನ ಭವನದ ಬಾಗಿಲು. ಆಟಗಾರ ಮೈದಾನದಲ್ಲಿ ಜಗತ್ತನ್ನೇ ಗೆಲ್ಲಬಹುದು. ಆದರೆ ಸದಸ್ಯರು ಕೂರುವ ಕೊಠಡಿಗೆ, ಊಟದ ಮನೆಗೆ ವೃತ್ತಿಯವನು ಕಾಲಿಡುವಂತಿಲ್ಲ. ತೇರು ಎಳೆಯಲು ಎಲ್ಲರೂ ಬೇಕು, ಗುಡಿಯ ಒಳಕ್ಕೆ ಮಾತ್ರ ಎಲ್ಲರೂ ಬರಕೂಡದು ಎಂಬ ನ್ಯಾಯ ನಮಗೇನೂ ಹೊಸದಲ್ಲ.

1920ರಲ್ಲಿ ಇಂಗ್ಲೆಂಡಿನ ಡೀಲ್ ಎಂಬಲ್ಲಿಗೆ ಅಮೆರಿಕದ ವಾಲ್ಟರ್ ಹೇಗನ್ ಬಂದನು. ಅವನೂ ಕ್ಯಾಡಿಯಾಗಿ ಬೆಳೆದವನೇ. ಆದರೆ ವೇಷಭೂಷಣದಲ್ಲಿ ರಾಜಕುಮಾರ. ಭವನದೊಳಗೆ ಬಟ್ಟೆ ಬದಲಿಸಲು ಸ್ಥಳವಿಲ್ಲ ಎಂದಾಗ ಅವನು ಜಗಳವಾಡಲಿಲ್ಲ, ಪತ್ರಿಕೆಗೆ ಬರೆಯಲಿಲ್ಲ. ಭಾರಿ ಮೋಟಾರು ಕಾರೊಂದನ್ನು ಬಾಡಿಗೆಗೆ ತಂದು ಭವನದ ಎದುರಿಗೇ ನಿಲ್ಲಿಸಿ ಅದರಲ್ಲಿಯೇ ಬಟ್ಟೆ ಬದಲಿಸಿದನು. ಆ ಸಲ ಅವನ ಆಟ ಮಾತ್ರ ಕೆಟ್ಟು 53ನೆಯ ಸ್ಥಾನಕ್ಕೆ ಇಳಿಯಿತು. ಅದೇ ವರ್ಷ ಅಮೆರಿಕದ ಟೊಲೀಡೊ ನಗರದ ಇನ್ವರ್ನೆಸ್ ಕ್ಲಬ್ಬು ಅಮೆರಿಕನ್ ಓಪನ್ ನಡೆಸುವಾಗ ವೃತ್ತಿ ಆಟಗಾರರಿಗೆ ತನ್ನ ಭವನದ ಬಾಗಿಲನ್ನು ತೆರೆಯಿತು. ಅವರು ಹಣ ಕೂಡಿಸಿ ಆ ಕ್ಲಬ್ಬಿಗೆ ಎತ್ತರದ ಗಡಿಯಾರವೊಂದನ್ನು ಕೃತಜ್ಞತೆಯಿಂದ ಕಾಣಿಕೆ ಕೊಟ್ಟರು. ಹೇಗನ್ ಸೋತು ಸುಮ್ಮನಾಗುವವನಲ್ಲ. 1922ರಲ್ಲಿ ಮತ್ತೆ ಬಂದು ಓಪನ್ ಗೆದ್ದ ಮೊದಲ ಅಮೆರಿಕಾ ಸಂಜಾತನಾದನು. 1923ರಲ್ಲಿ ಟ್ರೂನ್ ಎಂಬಲ್ಲಿ ಎರಡನೆಯವನಾದಾಗ, ಬಹುಮಾನ ವಿತರಣೆಗೆಂದು ಭವನದೊಳಕ್ಕೆ ಕರೆದರಂತೆ. ವಾರವೆಲ್ಲ ನಮಗೆ ಮುಚ್ಚಿದ್ದ ಮನೆಗೆ ಈಗ ಬರಲಾರೆನೆಂದು ಹೇಳಿ, ನೆರೆದಿದ್ದ ಜನರನ್ನು ಕರೆದುಕೊಂಡು ಹೆಂಡದಂಗಡಿಗೆ ಹೋದನೆಂದು ಕಥೆ. ಮುಂದೆ 1924, 1928, 1929ರಲ್ಲಿಯೂ ಅವನೇ ಗೆದ್ದನು. ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು.

ಹೇಗನ್ ವೃತ್ತಿಯ ಗೌರವವನ್ನು ಎತ್ತಿ ಹಿಡಿದವನಾದರೆ, ಅದೇ ಕಾಲದ ಬಾಬಿ ಜೋನ್ಸ್ ಹವ್ಯಾಸದ ಗೌರವವನ್ನು ಕಾಯ್ದವನು. ಅಟ್ಲಾಂಟ ನಗರದ ಈತ ವಕೀಲ. ಆಟದಿಂದ ಕಾಸು ಮುಟ್ಟದವನು. 1921ರಲ್ಲಿ ಹತ್ತೊಂಬತ್ತರ ಹರೆಯದಲ್ಲಿ ಸೇಂಟ್ ಆ್ಯಂಡ್ರೂಸಿಗೆ ಬಂದು, ಹನ್ನೊಂದನೆಯ ಗುಳಿಯ ಬಳಿಯ ಬಂಕರಿನಲ್ಲಿ ಸಿಕ್ಕಿಕೊಂಡು, ಸಿಟ್ಟಿನಲ್ಲಿ ಪಂದ್ಯವನ್ನೇ ತೊರೆದನು. ಆ ಊರಿನವರು ಇಂಥದನ್ನು ಸುಲಭಕ್ಕೆ ಮರೆಯುವವರಲ್ಲ. ಆದರೆ ಅದೇ ಮನುಷ್ಯ ತನ್ನನ್ನು ತಾನು ತಿದ್ದಿಕೊಂಡು 1926ರಲ್ಲಿ ಓಪನ್ ಗೆದ್ದು, 1927ರಲ್ಲಿ ಅದೇ ಸೇಂಟ್ ಆ್ಯಂಡ್ರೂಸಿನಲ್ಲಿ ಗೆದ್ದು, 1930ರಲ್ಲಿ ಮೂರನೆಯ ಬಾರಿ ಗೆದ್ದನು. ಆ ವರ್ಷ ಬ್ರಿಟನ್, ಅಮೆರಿಕಗಳ ಓಪನ್ ಮತ್ತು ಹವ್ಯಾಸಿ ಪಂದ್ಯಗಳು ನಾಲ್ಕನ್ನೂ ಗೆದ್ದು, ಇಪ್ಪತ್ತೆಂಟನೆಯ ವಯಸ್ಸಿಗೆ ಸ್ಪರ್ಧೆಯಿಂದ ನಿವೃತ್ತನಾದನು. 1958ರಲ್ಲಿ, ನಡೆಯಲೂ ಕಷ್ಟಪಡುವ ಕಾಯಿಲೆಯವನಾಗಿ ಅವನು ಮತ್ತೆ ಬಂದಾಗ, ಒಮ್ಮೆ ಅವನ ಸಿಡುಕನ್ನು ಕಂಡಿದ್ದ ಊರು ಅವನಿಗೆ ಪೌರ ಸನ್ಮಾನ ನೀಡಿತು. 1927ರ ಗೆಲುವಿನ ಅನಂತರ ಮೂಲ ಹೂಜಿಯನ್ನು ಸೇಂಟ್ ಆ್ಯಂಡ್ರೂಸಿನಲ್ಲಿಯೇ ಇಟ್ಟುಕೊಳ್ಳಲು ನಿಶ್ಚಯಿಸಿದರು; ಅಂದಿನಿಂದ ವಿಜೇತರಿಗೆ ಕೊಡುತ್ತಿರುವುದು ಅದರ ಪ್ರತಿರೂಪ.

ಪ್ರತಿಷ್ಠೆ ಸದಾ ಏರುತ್ತಲೇ ಇರುವುದಿಲ್ಲ. ಎರಡನೆಯ ಮಹಾಯುದ್ಧದ ಅನಂತರ ಓಪನ್ ಸೊರಗಿತು. 1946ರಲ್ಲಿ ಗೆದ್ದ ಅಮೆರಿಕದ ಸ್ಯಾಮ್ ಸ್ನೀಡ್‌ಗೆ ಬಹುಮಾನದ ನೂರೈವತ್ತು ಪೌಂಡು ಪ್ರಯಾಣದ ಖರ್ಚಿಗೂ ಸಾಲಲಿಲ್ಲ. ಅವನು ಮರುವರ್ಷ ಬರಲಿಲ್ಲ. ಪಂದ್ಯ ಬಹುಕಾಲ ಶುಕ್ರವಾರವೇ ಮುಗಿಯುತ್ತಿತ್ತು. ವೃತ್ತಿ ಆಟಗಾರರು ಶನಿವಾರ ತಮ್ಮ ತಮ್ಮ ಕ್ಲಬ್ಬಿಗೆ ಹಿಂದಿರುಗಿ ಸದಸ್ಯರ ಸೇವೆಗೆ ನಿಲ್ಲಬೇಕಾಗಿತ್ತು ಎಂಬುದೇ ಅದಕ್ಕೆ ಕಾರಣ! 1960ರಲ್ಲಿ ಆರ್ನಲ್ಡ್ ಪಾಮರ್ ಬಂದನು. ಆ ವರ್ಷ ಒಂದೇ ಹೊಡೆತದಿಂದ ಸೋತರೂ 1961, 1962ರಲ್ಲಿ ಗೆದ್ದನು. ಹಳೆಯ ಹೂಜಿಗೆ ಇನ್ನೂ ಬೆಲೆಯಿದೆ ಎಂದು ಅಮೆರಿಕದವರಿಗೆ ಅವನು ತೋರಿಸಿಕೊಟ್ಟನು. ಅವನ ಹಿಂದೆ ಜ್ಯಾಕ್ ನಿಕ್ಲಾಸ್ ಬಂದನು, ಟಾಮ್ ವಾಟ್ಸನ್ ಬಂದನು.

ಅದೇ ಯುಗದಲ್ಲಿ ಐದು ಬಾರಿ ಓಪನ್ ಗೆದ್ದವನು ಆಸ್ಟ್ರೇಲಿಯದ ಪೀಟರ್ ಥಾಮ್ಸನ್. ಈತನನ್ನು ನಾವು ಭಾರತೀಯರು ಸ್ವಲ್ಪ ಹೆಚ್ಚಾಗಿಯೇ ನೆನೆಯಬೇಕು. ನಮ್ಮ ಇಂಡಿಯನ್ ಓಪನ್ ಆರಂಭವಾಗಲು ಒತ್ತಾಸೆಯಾದವನು ಅವನೇ. 1964ರಲ್ಲಿ ಮೊದಲ ಪಂದ್ಯವನ್ನು ಗೆದ್ದವನೂ ಅವನೇ. ಮರುವರ್ಷ ಗೆದ್ದವರು ನಮ್ಮವರೇ ಆದ ಪಿ. ಜಿ. ಸೇಠಿ, ಅವರು ಹವ್ಯಾಸಿ. ಅನಂತರ ಇನ್ನೊಬ್ಬ ಭಾರತೀಯ ಗೆಲ್ಲಲು 1991ರ ವರೆಗೆ ಕಾಯಬೇಕಾಯಿತು. ಆ ವರ್ಷ ಗೆದ್ದ ಅಲಿ ಶೇರ್ ದೆಹಲಿಯಲ್ಲಿ ಕ್ಯಾಡಿಯಾಗಿ ಆಟ ಕಲಿತವರು.

ಕ್ಯಾಡಿ ಎಂದಾಗ ನನಗೆ ಇನ್ನೊಂದು ಹೆಸರು ನೆನಪಾಗುತ್ತದೆ. ದಕ್ಷಿಣ ಆಫ್ರಿಕದ ಡರ್ಬನ್ನಿನ ಸ್ಯೂಸಂಕರ್ ಸ್ಯೂಗೋಲಮ್, ಪ್ರೀತಿಯ ಹೆಸರು ಪಾಪ್ವಾ. ಭಾರತದಿಂದ ಹೋದ ಮನೆತನದ ಬಡ ಕ್ಯಾಡಿ. ಬಲಗೈಯವನಾದರೂ ಎಡಗೈಯನ್ನು ಕೆಳಗಿಟ್ಟು ಕೋಲು ಹಿಡಿಯುತ್ತಿದ್ದನು. ಕಲಿಸುವ ಗುರುಗಳಿದ್ದಿದ್ದರೆ ಆ ಹಿಡಿತವನ್ನು ತಪ್ಪೆಂದು ಬಿಡಿಸುತ್ತಿದ್ದರೋ ಏನೋ. ಆ ಹಿಡಿತದಿಂದಲೇ ಹಾಲೆಂಡಿನ ಓಪನ್ ಪಂದ್ಯವನ್ನು ಮೂರು ಬಾರಿ ಗೆದ್ದನು. 1963ರಲ್ಲಿ ತನ್ನ ಊರಿನಲ್ಲಿಯೇ ನಡೆದ ನಟಾಲ್ ಓಪನ್ನಿನಲ್ಲಿ ಬಿಳಿಯ ಆಟಗಾರರೆಲ್ಲರನ್ನೂ ಸೋಲಿಸಿದನು. ಹೊರಗೆ ಮಳೆ. ವರ್ಣಭೇದದ ಕಟ್ಟಳೆಯಂತೆ ಅವನು ಭವನದೊಳಗೆ ಬರುವಂತಿಲ್ಲ. ಬಿಳಿಯರು ಒಳಗೆ ಬೆಚ್ಚಗಿರಲು, ಗೆದ್ದವನು ಮಳೆಯಲ್ಲಿ ನಿಂತು ಬಹುಮಾನ ಪಡೆದನು. ಅದೇ ವರ್ಷ ಅವನು ಇಂಗ್ಲೆಂಡಿನಲ್ಲಿ ‘ದಿ ಓಪನ್’ ಆಡಿದನು. ಅಲ್ಲಿ ಅವನ ಬಣ್ಣ ಅಡ್ಡಬರಲಿಲ್ಲ. ಎರಡೂ ಪಂದ್ಯಗಳಿಗೆ ಇದ್ದ ಹೆಸರು ‘ಓಪನ್’ ಎಂದೇ. ಮುಂದೆ ಅವನ ದೇಶದ ಸರ್ಕಾರ ಬಿಳಿಯರೊಡನೆ ಆಡುವ ಅವಕಾಶವನ್ನೂ ಪರದೇಶಕ್ಕೆ ಹೋಗುವ ಪಾಸ್‌ಪೋರ್ಟನ್ನೂ ಅವನಿಂದ ಕಸಿದುಕೊಂಡಿತು. 1978ರಲ್ಲಿ ಅವನು ತೀರಿಕೊಂಡನು.

ತೆರೆದ ಬಾಗಿಲು ಎಂದ ಮೇಲೆ ಒಮ್ಮೊಮ್ಮೆ ವಿನೋದವೂ ಒಳಗೆ ಬರುತ್ತದೆ. ಓಪನ್ ಪಂದ್ಯಕ್ಕೆ ಅರ್ಹತಾ ಸುತ್ತುಗಳಿವೆ. ನಿಗದಿಯಾದ ಮಟ್ಟದ ಹವ್ಯಾಸಿಯಾಗಲಿ ವೃತ್ತಿಯವನಾಗಲಿ ಹೆಸರು ಕೊಟ್ಟು ಅದೃಷ್ಟ ನೋಡಿಕೊಳ್ಳಬಹುದು. 1976ರಲ್ಲಿ ಮಾರಿಸ್ ಫ್ಲಿಟ್‌ಕ್ರಾಫ್ಟ್ ಎಂಬ ನಲವತ್ತಾರು ವರ್ಷದ ಕ್ರೇನ್ ಚಾಲಕ, ತನಗೆ ಹವ್ಯಾಸಿಯ ಯೋಗ್ಯತಾಪತ್ರವಿಲ್ಲದ ಕಾರಣ, ಅರ್ಜಿಯಲ್ಲಿ ‘ವೃತ್ತಿಪರ’ ಎಂದು ಬರೆದುಬಿಟ್ಟನು! ಹದಿನೆಂಟು ಗುಳಿಗಳಿಗೆ ಅವನು ತೆಗೆದುಕೊಂಡ ಹೊಡೆತ 121. ಓಪನ್ ಇತಿಹಾಸದಲ್ಲಿಯೇ ಅಷ್ಟು ಕೆಟ್ಟ ಆಟ ಇನ್ನೊಂದಿರಲಿಲ್ಲ. ಅಧಿಕಾರಿಗಳು ಕೆಂಡವಾದರು, ಅವನನ್ನು ಬಹಿಷ್ಕರಿಸಿದರು. ಅವನು ಸುಳ್ಳು ಹೆಸರುಗಳಲ್ಲಿ ಮತ್ತೆ ಮತ್ತೆ ಬಂದನು. ಜನ ನಕ್ಕರು, ಆದರೆ ಅವನನ್ನು ಮೆಚ್ಚಿಕೊಂಡರು. ಎಲ್ಲರಿಗೂ ತೆರೆದದ್ದು ಎಂದರೆ ಎಲ್ಲರೂ ಸಮರ್ಥರು ಎಂದರ್ಥವಲ್ಲ, ನಿಜ. ಹೊಡೆತಗಳ ಎಣಿಕೆಯೇ ಅವನನ್ನು ಹೊರಗೆ ಕಳುಹಿಸಿತು. ಆ ಎಣಿಕೆಯೊಂದನ್ನು ಬಿಟ್ಟು ಬೇರಾವುದೂ ಯಾರನ್ನೂ ಹೊರಗೆ ನಿಲ್ಲಿಸಬಾರದು ಎಂಬುದಷ್ಟೇ ಆ ಹೆಸರಿನ ತಾತ್ಪರ್ಯ.

ಈ ತಾತ್ಪರ್ಯ ಅರ್ಧ ಜಗತ್ತಿಗೆ ತಲುಪಲು ಬಹಳ ಕಾಲ ಹಿಡಿಯಿತು. 1754ರಲ್ಲಿ ಹುಟ್ಟಿದ ರಾಯಲ್ ಆ್ಯಂಡ್ ಏನ್ಷೆಂಟ್ ಕ್ಲಬ್ಬಿನಲ್ಲಿ ಹೆಂಗಸರಿಗೆ ಸದಸ್ಯತ್ವವಿರಲಿಲ್ಲ. 2014ರ ಸೆಪ್ಟೆಂಬರ್ 18ರಂದು, ಸ್ಕಾಟ್ಲೆಂಡ್ ತನ್ನ ಸ್ವಾತಂತ್ರ್ಯದ ಪ್ರಶ್ನೆಗೆ ಮತ ಹಾಕಿದ ದಿನವೇ, ಆ ಕ್ಲಬ್ಬಿನ ಸದಸ್ಯರು ಹೆಂಗಸರನ್ನು ಸೇರಿಸಿಕೊಳ್ಳಲು ಒಪ್ಪಿದರು. ಆದರೆ ಹೂಜಿಗೆ ಹತ್ತು ಪೌಂಡು ಕೊಟ್ಟಿದ್ದ ಎಡಿನ್‌ಬರೋ ಸಂಘ, ಎಂದರೆ ಮ್ಯೂರ್‌ಫೀಲ್ಡ್ ಮೈದಾನದ ಒಡೆಯರು, 2016ರಲ್ಲಿ ಮತ ಹಾಕಿದಾಗ ಬೇಕಾದ ಮೂರರಲ್ಲಿ ಎರಡು ಪಾಲು ಬಹುಮತ ಬರಲಿಲ್ಲ. ಹಾಗಾದರೆ ಇನ್ನು ಮುಂದೆ ಓಪನ್ ಪಂದ್ಯ ಅಲ್ಲಿ ನಡೆಯುವುದಿಲ್ಲ ಎಂದು ಪಂದ್ಯದ ಆಡಳಿತದವರು ಒಡನೆಯೇ ಘೋಷಿಸಿದರು. 1892ರಿಂದ ಓಪನ್ ನಡೆಸುತ್ತ ಬಂದ ಮೈದಾನವದು. ಒಂದು ವರ್ಷ ಕಳೆಯುವುದರೊಳಗೆ ಅದೇ ಸದಸ್ಯರು ಮತ್ತೆ ಮತ ಹಾಕಿ, ಶೇಕಡ 80ರಷ್ಟು ಮಂದಿ ಒಪ್ಪಿದರು. 2022ರಲ್ಲಿ ಆ ಮೈದಾನದಲ್ಲಿ ಹೆಂಗಸರ ಓಪನ್ ನಡೆದು ದಕ್ಷಿಣ ಆಫ್ರಿಕದ ಆ್ಯಶ್ಲಿ ಬುಹಾಯಿ ಗೆದ್ದರು. ಹಿಂದೆ ಕ್ಲಬ್ಬುಗಳು ಪಂದ್ಯಕ್ಕೆ ಮರ್ಯಾದೆ ತಂದುಕೊಟ್ಟವು. ಈಗ ಪಂದ್ಯವೇ ಕ್ಲಬ್ಬಿಗೆ ಮರ್ಯಾದೆ ಕಲಿಸಿತು.

ಗಾಲ್ಫ್ ನಮಗೆ ತೀರ ದೂರದ ಆಟವೇನೂ ಅಲ್ಲ. ಕಲ್ಕತ್ತೆಯ ರಾಯಲ್ ಕ್ಲಬ್ಬು 1829ರದು, ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರದು. ಆದರೂ ಬಹುಕಾಲ ಅದು ನಮಗೆ ಬೇಲಿಯಾಚೆಯಿಂದ ಕಾಣುವ ಹಸುರು ಮಾತ್ರವಾಗಿತ್ತು. 2021ರ ಆಗಸ್ಟಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಿನಲ್ಲಿ ಪದಕವನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ನಾಲ್ಕನೆಯವರಾದಾಗ, ಗಾಲ್ಫ್ ಏನೆಂದು ಅರಿಯದ ಮನೆಗಳಲ್ಲಿಯೂ ಜನ ನಸುಕಿನಲ್ಲೆದ್ದು ನೋಡಿದರು. 2023ರಲ್ಲಿ ಶುಭಂಕರ್ ಶರ್ಮ ‘ದಿ ಓಪನ್’ನಲ್ಲಿ ಎಂಟನೆಯ ಸ್ಥಾನವನ್ನು ಹಂಚಿಕೊಂಡರು, ಅಲ್ಲಿ ಭಾರತೀಯನೊಬ್ಬ ಅಷ್ಟು ಮೇಲಕ್ಕೆ ಅದುವರೆಗೆ ಏರಿರಲಿಲ್ಲ. 2016 ಮತ್ತು 2017ರಲ್ಲಿ ಇಂಡಿಯನ್ ಓಪನ್ ಗೆದ್ದ ಎಸ್. ಎಸ್. ಪಿ. ಚೌರಾಸಿಯಾ ಅವರ ತಂದೆ ಕಲ್ಕತ್ತೆಯ ಕ್ಲಬ್ಬಿನಲ್ಲಿ ಮೈದಾನದ ಹುಲ್ಲು ನೋಡಿಕೊಳ್ಳುತ್ತಿದ್ದವರು. ಹುಲ್ಲು ಕಾಯುವವನ ಮಗ ಅದೇ ಹುಲ್ಲಿನ ಆಟದಲ್ಲಿ ದೊಡ್ಡವನಾದ ಈ ಸಂಗತಿಯನ್ನು ಓದಿದಾಗ, ಪ್ರೆಸ್ಟ್‌ವಿಕ್ಕಿನ ಮೈದಾನ ಪಾಲಕನೂ ಅವನ ಹದಿನೇಳರ ಮಗನೂ ನನ್ನ ಕಣ್ಣ ಮುಂದೆ ಬಂದು ನಿಂತರು.

1861ರ ಆ ನಿರ್ಣಯವನ್ನು ಬರೆದವರು ಅದರ ಅರ್ಥವನ್ನು ಪೂರ್ತಿ ಅರಿತಿದ್ದರೆಂದು ನಾನು ಭಾವಿಸುವುದಿಲ್ಲ. ಅವರ ಮನಸ್ಸಿನಲ್ಲಿದ್ದುದು ನೆರೆಹೊರೆಯ ಕೆಲವು ಹವ್ಯಾಸಿ ಮಹನೀಯರು ಇರಬಹುದು. ಆದರೆ ಕಾಗದದ ಮೇಲೆ ಬಂದ ಮಾತು ಕಾಯುತ್ತ ಕುಳಿತಿತು. ಹೇಗನ್ ಬಂದು ಅದಕ್ಕೊಂದು ಅರ್ಥ ಕೇಳಿದನು, ಪಾಪ್ವಾ ಇನ್ನೊಂದು ಕೇಳಿದನು, ಮ್ಯೂರ್‌ಫೀಲ್ಡಿನ ಹೊರಗೆ ನಿಂತ ಹೆಂಗಸರು ಮತ್ತೊಂದು ಕೇಳಿದರು. ಪ್ರತಿ ಸಲವೂ ಬಾಗಿಲು ತುಸು ಗೊಣಗಿ, ತುಸು ತಡಮಾಡಿ, ಇನ್ನಷ್ಟು ತೆರೆಯಿತು. ತೆರೆದಾಗಲೆಲ್ಲ ಒಳಗಿನ ಹೂಜಿಯ ಬೆಲೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಎಲ್ಲರನ್ನೂ ಒಳಗೆ ಬಿಟ್ಟರೆ ಗೌರವ ಹೋದೀತು ಎಂದು ಹೆದರುವ ಸಂಸ್ಥೆಗಳು ನಮ್ಮ ನಡುವೆಯೂ ಸಾಕಷ್ಟಿವೆ. ಅವುಗಳ ಯಜಮಾನರು ಗಾಲ್ಫ್ ಆಡದಿದ್ದರೂ ಚಿಂತೆಯಿಲ್ಲ, ಈ ಪಂದ್ಯದ ಚರಿತ್ರೆಯನ್ನು ಒಮ್ಮೆ ಓದಿ ನೋಡಬಹುದು.